ಅಮೆರಿಕದ ಪೂರ್ವ ಕರಾವಳಿಯ ಚಳಿಗಾಲದ ಬಿರುಗಾಳಿಗಳು: ಮುನ್ಸೂಚನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಕಾಲಿಡುತ್ತಿದ್ದಂತೆ ನ್ಯೂಜೆರ್ಸಿ, ನ್ಯೂಯಾರ್ಕ್, ಬಾಸ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಹಿಮದ ಮಾತು ಆರಂಭವಾಗುತ್ತದೆ. ಹೊಸದಾಗಿ ಓದಲು ಬಂದವರು, ಮಕ್ಕಳ ಮನೆಗೆ ಬಂದಿರುವ ತಂದೆತಾಯಿಯರು, ಸಂಕ್ರಾಂತಿಯ ಕಾರ್ಯಕ್ರಮಕ್ಕೆ ಸಭಾಂಗಣ ಗೊತ್ತುಮಾಡಿದವರು, ಇಪ್ಪತ್ತು ವರ್ಷ ಇಲ್ಲೇ ಕಳೆದವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ.

## ಮೊದಲ ತಿಳಿವಳಿಕೆ

“ನಾರ್‌ಈಸ್ಟರ್ ಅಂದರೆ ನಮ್ಮ ಕಡೆಯ ಚಂಡಮಾರುತವೇ ತಾನೆ? ಹೆಸರು ಮಾತ್ರ ಬೇರೆಯೇ?”

ನಾರ್‌ಈಸ್ಟರ್ ಎಂದರೆ ಅಮೆರಿಕದ ಪೂರ್ವ ಕರಾವಳಿಗುಂಟ ಸಾಗುವ ಬಿರುಗಾಳಿ. ಅದೂ ಚಂಡಮಾರುತವೂ ಎರಡೂ ವಾಯುಭಾರ ಕುಸಿತಗಳೇ, ಎರಡರಲ್ಲೂ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಆದರೆ ಅವುಗಳಿಗೆ ಶಕ್ತಿ ಬರುವ ಮೂಲ ಬೇರೆ. ಬಂಗಾಳ ಕೊಲ್ಲಿಯ ಅಥವಾ ಅರಬ್ಬಿ ಸಮುದ್ರದ ಚಂಡಮಾರುತವು ಬೆಚ್ಚನೆಯ ಕಡಲಿನಿಂದ ಎದ್ದ ಆವಿ ಮೋಡವಾಗುವಾಗ ಬಿಡುವ ಶಾಖದಿಂದ ಬದುಕುತ್ತದೆ, ಆದ್ದರಿಂದಲೇ ನೆಲಕ್ಕೆ ಬಂದ ಮೇಲೆ ಬೇಗ ಸೊರಗುತ್ತದೆ. ನಾರ್‌ಈಸ್ಟರ್ ಹುಟ್ಟುವುದು ಕೆನಡಾದ ಕಡೆಯಿಂದ ಇಳಿಯುವ ಶೀತಗಾಳಿಗೂ ಅಟ್ಲಾಂಟಿಕ್ ಮೇಲಿನ ಬೆಚ್ಚನೆಯ, ತೇವದ ಗಾಳಿಗೂ ನಡುವಿನ ತಾಪದ ಅಂತರದಿಂದ. ಕಡಲಿನ ತೇವ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಇದು ಚಂಡಮಾರುತಕ್ಕಿಂತ ಬಹಳ ದೊಡ್ಡ ಪ್ರದೇಶವನ್ನು ಆವರಿಸುತ್ತದೆ. ವರ್ಷದ ಯಾವ ಕಾಲದಲ್ಲೂ ಬರಬಹುದಾದರೂ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಹೆಚ್ಚು, ಮತ್ತು ಹಿಮದ ದೃಷ್ಟಿಯಿಂದ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನದು ಮುಖ್ಯ.

“ಗಾಳಿ ಈಶಾನ್ಯದಿಂದ ಬೀಸುತ್ತದೆ, ಆದರೆ ಬಿರುಗಾಳಿ ದಕ್ಷಿಣದಿಂದ ಬರುತ್ತದೆ ಅಂತಾರೆ. ಎರಡೂ ಹೇಗೆ ಸರಿ?”

ಈ ಗೊಂದಲವನ್ನು ಬಿಡಿಸಿದವರು ಬೆಂಜಮಿನ್ ಫ್ರಾಂಕ್ಲಿನ್. 1743ರ ಶರತ್ಕಾಲದ ಒಂದು ರಾತ್ರಿ ಚಂದ್ರಗ್ರಹಣ ನೋಡಬೇಕೆಂದು ಅವರು ಫಿಲಡೆಲ್ಫಿಯಾದಲ್ಲಿ ಕಾದಿದ್ದರು. ಈಶಾನ್ಯದ ಗಾಳಿಯೊಂದಿಗೆ ಬಿರುಮಳೆ ಬಂದು ಆಕಾಶ ಮುಚ್ಚಿಹೋಯಿತು. ಗಾಳಿ ಈಶಾನ್ಯದಿಂದ ಬಂದದ್ದರಿಂದ ಅತ್ತ ಕಡೆ ಇರುವ ಬಾಸ್ಟನ್‌ನಲ್ಲಿ ಮೊದಲೇ ಮಳೆ ಹಿಡಿದಿರಬೇಕು ಎಂದು ಅವರು ಎಣಿಸಿದ್ದರು. ಆದರೆ ಬಾಸ್ಟನ್‌ನಲ್ಲಿದ್ದ ಅವರ ಅಣ್ಣ ಗ್ರಹಣವನ್ನು ಚೆನ್ನಾಗಿಯೇ ನೋಡಿದ್ದರು, ಬಿರುಗಾಳಿ ಅಲ್ಲಿಗೆ ತಲುಪಿದ್ದು ಗಂಟೆಗಳ ನಂತರ. ಗಾಳಿ ಬೀಸುವ ದಿಕ್ಕೇ ಬೇರೆ, ಬಿರುಗಾಳಿಯ ವ್ಯವಸ್ಥೆ ಸಾಗುವ ದಿಕ್ಕೇ ಬೇರೆ ಎಂಬ ತೀರ್ಮಾನಕ್ಕೆ ಫ್ರಾಂಕ್ಲಿನ್ ಬಂದದ್ದು ಹೀಗೆ.

ಕುಸಿತದ ಕೇಂದ್ರವು ಕಡಲ ಮೇಲೆ ನೈಋತ್ಯದಿಂದ ಈಶಾನ್ಯಕ್ಕೆ ಸಾಗುತ್ತಿರುವಾಗ ಅದರ ಸುತ್ತಲಿನ ಗಾಳಿ ಅಪ್ರದಕ್ಷಿಣವಾಗಿ ತಿರುಗುವುದರಿಂದ, ಕೇಂದ್ರದ ವಾಯವ್ಯಕ್ಕೆ ಇರುವ ದಡದ ಮೇಲೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ನಾವು ಹಿಂಗಾರನ್ನು ಈಶಾನ್ಯ ಮಾರುತ ಎಂದು ಕರೆಯುವಂತೆ ಇಲ್ಲಿಯ ಕಡಲಿಗರೂ ಮೈಗೆ ತಾಗಿದ ಗಾಳಿಯ ದಿಕ್ಕಿನಿಂದಲೇ ಈ ಬಿರುಗಾಳಿಗೆ ಹೆಸರಿಟ್ಟರು.

“ಈ ಕರಾವಳಿಗೇ ಯಾಕೆ ಇಷ್ಟೊಂದು ಕಾಟ?”

ಚಳಿಗಾಲದಲ್ಲಿ ಇಷ್ಟು ಹತ್ತಿರದಲ್ಲಿ ಇಷ್ಟು ತಾಪವ್ಯತ್ಯಾಸ ಇರುವ ಕಡಲಂಚುಗಳು ಜಗತ್ತಿನಲ್ಲಿ ಕಡಿಮೆ. ಒಂದು ಕಡೆ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಕಡಲ ಹೊಳೆ, ಇನ್ನೊಂದು ಕಡೆ ಹಿಮ ಹೊದ್ದ ಭೂಖಂಡ. ನಡುವೆ ಅಪಲೇಷಿಯನ್ ಬೆಟ್ಟಸಾಲು ನಿಂತಿದೆ. ಉತ್ತರದಿಂದ ಇಳಿದ ಭಾರವಾದ ಶೀತಗಾಳಿ ಆ ಬೆಟ್ಟಗಳ ಪೂರ್ವದ ಮಗ್ಗುಲಿಗೆ ಒತ್ತಿಕೊಂಡು, ಕಟ್ಟೆಯ ಹಿಂದೆ ನಿಂತ ನೀರಿನಂತೆ ನೆಲಕ್ಕಂಟಿ ಉಳಿಯುತ್ತದೆ. ಬಹಳ ಎತ್ತರದಲ್ಲಿ ವೇಗವಾಗಿ ಹರಿಯುವ ಗಾಳಿಯ ಹೊಳೆ, ಅಂದರೆ ಜೆಟ್ ಸ್ಟ್ರೀಮ್, ತಕ್ಕ ರೀತಿಯಲ್ಲಿ ಬಾಗಿ ಬಂದ ದಿನ ಜಾರ್ಜಿಯಾದಿಂದ ನ್ಯೂಜೆರ್ಸಿವರೆಗಿನ ಕಡಲಂಚಿನಲ್ಲಿ ಎಲ್ಲಿ ಬೇಕಾದರೂ ಹೊಸ ಕುಸಿತ ಹುಟ್ಟಬಹುದು. ಅದು ಸಾಮಾನ್ಯವಾಗಿ ಅತ್ಯಂತ ಬಲಗೊಳ್ಳುವುದು ನ್ಯೂ ಇಂಗ್ಲೆಂಡ್ (ಬಾಸ್ಟನ್ ಇರುವ ಈಶಾನ್ಯ ಮೂಲೆಯ ರಾಜ್ಯಗಳು) ಮತ್ತು ಕೆನಡಾದ ಪೂರ್ವ ಕರಾವಳಿಯ ಹತ್ತಿರ.

“ವಾಚ್, ವಾರ್ನಿಂಗ್, ಅಡ್ವೈಸರಿ: ಯಾವುದಕ್ಕೆ ಹೆದರಬೇಕು?”

ರಾಷ್ಟ್ರೀಯ ಹವಾಮಾನ ಸೇವೆ ‘ವಿಂಟರ್ ಸ್ಟಾರ್ಮ್ ವಾಚ್’ ಹೊರಡಿಸಿದರೆ ದೊಡ್ಡ ಹಿಮಪಾತದ ಸಾಧ್ಯತೆ ಇದೆ, ಇನ್ನೂ ಖಚಿತವಾಗಿಲ್ಲ ಎಂದರ್ಥ. ಸಾಮಾನ್ಯವಾಗಿ ಒಂದೆರಡು ದಿನ ಮುಂಚೆ ಬರುತ್ತದೆ. ‘ವಾರ್ನಿಂಗ್’ ಎಂದರೆ ಅದು ಬರುವುದು ಬಹುತೇಕ ಖಚಿತ ಅಥವಾ ಈಗಾಗಲೇ ಬಂದಿದೆ. ‘ಅಡ್ವೈಸರಿ’ ಎಂದರೆ ತೊಂದರೆ ಉಂಟು, ಆದರೆ ವಾರ್ನಿಂಗ್‌ನ ಮಟ್ಟದ್ದಲ್ಲ. ವಾರ್ನಿಂಗ್‌ಗೆ ಬೇಕಾದ ಹಿಮದ ಪ್ರಮಾಣ ಊರಿಂದ ಊರಿಗೆ ಬೇರೆ: ನ್ಯೂಯಾರ್ಕ್ ನಗರದಲ್ಲಿ 12 ಗಂಟೆಯೊಳಗೆ 6 ಇಂಚು, ಹಿಮವೇ ಅಪರೂಪವಾದ ದಕ್ಷಿಣದ ರಾಜ್ಯಗಳಲ್ಲಿ ಅದಕ್ಕಿಂತ ಬಹಳ ಕಡಿಮೆ.

‘ಬ್ಲಿಝರ್ಡ್’ ಎಂಬ ಪದವನ್ನು ಎಲ್ಲ ಹಿಮಪಾತಕ್ಕೂ ಬಳಸುವುದು ಸರಿಯಲ್ಲ. ಗಂಟೆಗೆ 35 ಮೈಲಿ ಅಥವಾ ಹೆಚ್ಚಿನ ವೇಗದ ಗಾಳಿಯೊಂದಿಗೆ, ಬೀಳುವ ಇಲ್ಲವೇ ಹಾರುವ ಹಿಮದಿಂದ ಕಾಲು ಮೈಲಿಯಾಚೆ ಏನೂ ಕಾಣದ ಸ್ಥಿತಿ ಸತತ 3 ಗಂಟೆ ಇದ್ದರೆ ಮಾತ್ರ ಅದು ಬ್ಲಿಝರ್ಡ್. ಅಂದು ವಾಹನ ಹೊರಗೆ ತೆಗೆಯಲೇಬಾರದು. 1978ರ ಫೆಬ್ರವರಿಯ ಬಿರುಗಾಳಿಯಲ್ಲಿ ಬಾಸ್ಟನ್ ಹೊರವಲಯದ ರೂಟ್ 128ರ ಮೇಲೆ ಸಾವಿರಾರು ವಾಹನಗಳು ಹಿಮದಲ್ಲಿ ಹೂತುಹೋದವು. ಇಂದಿಗೂ ಅಲ್ಲಿಯ ಹಿರಿಯರು ಆ ದಿನಗಳನ್ನು ನೆನೆಯುತ್ತಾರೆ.

“ಟೀವಿಯಲ್ಲಿ ಬಿರುಗಾಳಿಗೆ ಒಂದು ಹೆಸರು ಹೇಳುತ್ತಾರೆ, ಸರ್ಕಾರಿ ಮುನ್ಸೂಚನೆಯಲ್ಲಿ ಅದು ಕಾಣುವುದಿಲ್ಲ. ಯಾಕೆ?”

ಚಳಿಗಾಲದ ಬಿರುಗಾಳಿಗಳಿಗೆ ಹೆಸರಿಡುವ ಪದ್ಧತಿಯನ್ನು 2012ರಲ್ಲಿ ವೆದರ್ ಚಾನೆಲ್ ಎಂಬ ಟೀವಿ ವಾಹಿನಿ ತಾನಾಗಿ ಆರಂಭಿಸಿತು. ರಾಷ್ಟ್ರೀಯ ಹವಾಮಾನ ಸೇವೆ ಹರಿಕೇನ್ (ಇಲ್ಲಿಯ ಚಂಡಮಾರುತ) ಮತ್ತು ಅಂಥ ಉಷ್ಣವಲಯದ ಬಿರುಗಾಳಿಗಳಿಗೆ ಮಾತ್ರ ಹೆಸರು ಬಳಸುತ್ತದೆ, ಹಿಮದ ಬಿರುಗಾಳಿಗಳಿಗಲ್ಲ.

## ಹಿಮವೋ, ಮಳೆಯೋ

“ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹಿಮ ಸುರಿಯುತ್ತಿತ್ತು, ಅರ್ಧ ಗಂಟೆ ದೂರದ ಕಡಲತೀರದಲ್ಲಿ ಬರೀ ಮಳೆ. ಅದು ಹೇಗೆ?”

ಈ ಕರಾವಳಿಯ ಮುನ್ಸೂಚನೆಯ ನಿಜವಾದ ಕಷ್ಟ ಇರುವುದೇ ಇಲ್ಲಿ. ಕಡಲಿನಿಂದ ಬರುವ ಈಶಾನ್ಯ ಗಾಳಿ ನೀರಿನ ಬೆಚ್ಚನೆಯನ್ನು ದಡಕ್ಕೆ ಹೊತ್ತು ತರುತ್ತದೆ, ಒಳನಾಡಿನಿಂದ ಉತ್ತರದ ಶೀತಗಾಳಿ ಅದನ್ನು ತಡೆಯುತ್ತದೆ. ಇವೆರಡೂ ಸಂಧಿಸುವ ಗಡಿಯ ಅಗಲ ಕೆಲವೇ ಮೈಲಿ. ಆ ಗಡಿಯ ಒಂದು ಬದಿಗೆ ಹಿಮ, ಇನ್ನೊಂದು ಬದಿಗೆ ಮಳೆ. ಫಿಲಡೆಲ್ಫಿಯಾ, ನ್ಯೂಯಾರ್ಕ್, ಬಾಸ್ಟನ್‌ಗಳನ್ನು ಪೋಣಿಸುವ ಐ-95 ಹೆದ್ದಾರಿಯ ಹತ್ತಿರವೇ ಈ ಗಡಿ ಬಂದು ನಿಲ್ಲುವುದು ತೀರ ಸಾಮಾನ್ಯ. ಕೋಟಿಗಟ್ಟಲೆ ಜನ ವಾಸಿಸುವುದೂ ಅದೇ ಸಾಲಿನಲ್ಲಿ.

ಗಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಕುಸಿತದ ಕೇಂದ್ರ ಸಾಗುವ ದಾರಿ. ಮುನ್ಸೂಚಕರು ಉತ್ತರ ಅಕ್ಷಾಂಶ 40 ಡಿಗ್ರಿ, ಪಶ್ಚಿಮ ರೇಖಾಂಶ 70 ಡಿಗ್ರಿ ಸಂಧಿಸುವ ಕಡಲಿನ ಬಿಂದುವನ್ನು ‘ಬೆಂಚ್‌ಮಾರ್ಕ್’ ಎಂದು ಕರೆಯುತ್ತಾರೆ. ನ್ಯಾಂಟಕೆಟ್ ದ್ವೀಪದ ದಕ್ಷಿಣಕ್ಕಿರುವ ಆ ಬಿಂದುವಿನ ಹತ್ತಿರದಿಂದ ಕೇಂದ್ರ ಹಾದುಹೋದರೆ ದಕ್ಷಿಣ ನ್ಯೂ ಇಂಗ್ಲೆಂಡ್‌ಗೆ ಭಾರಿ ಹಿಮ ಬರುವ ಸಂಭವ ಹೆಚ್ಚು. ದಡದ ಕಡೆಗೆ ಸರಿದರೆ ನಗರಗಳಿಗೆ ಮಳೆ, ಬೆಟ್ಟದ ಊರುಗಳಿಗೆ ಹಿಮ. ಹೊರಗೆ ಸರಿದರೆ ಎಲ್ಲವೂ ಕಡಲಿಗೇ ಬೀಳುತ್ತದೆ. ಸಾವಿರ ಮೈಲಿ ಪಯಣಿಸುವ ಬಿರುಗಾಳಿಯ ದಾರಿಯಲ್ಲಿ 50 ಮೈಲಿಯ ವ್ಯತ್ಯಾಸ ತೀರ ಸಣ್ಣದು, ಆದರೆ ಈ ಊರುಗಳಿಗೆ ಅದೇ ಸರ್ವಸ್ವ.

ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್ ಆದಿಯಲ್ಲಿ ನ್ಯೂಜೆರ್ಸಿಯ ಕಡಲ ನೀರು ಇನ್ನೂ ಸುಮಾರು 10 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಫೆಬ್ರವರಿಯ ಹೊತ್ತಿಗೆ 4ರ ಆಸುಪಾಸಿಗೆ ಇಳಿಯುತ್ತದೆ. ಹೀಗಾಗಿ ಒಂದೇ ದಾರಿಯಲ್ಲಿ ಬಂದ ಬಿರುಗಾಳಿ ಡಿಸೆಂಬರ್‌ನಲ್ಲಿ ಮಳೆ ತಂದು ಫೆಬ್ರವರಿಯಲ್ಲಿ ಹಿಮ ತರಬಹುದು.

“ತಾಪಮಾನ 3 ಡಿಗ್ರಿ ಇತ್ತು, ಮಳೆ ಶುರುವಾದ ಮೇಲೆ ಅದೇ ಹಿಮವಾಯಿತು. ಮಳೆಯೇ ಚಳಿ ತರುತ್ತದೆಯೇ?”

ಹೌದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಯಾವ ಕಾರಣದಿಂದಲೋ ಅದೇ ಕಾರಣದಿಂದ. ಒಣಗಾಳಿಯಲ್ಲಿ ಬೀಳುವ ಹನಿ ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ಹೆಚ್ಚು ತಣ್ಣಗಾಗುತ್ತದೆ. ಆದ್ದರಿಂದ ಮುನ್ಸೂಚಕರು ಬರೀ ತಾಪಮಾನಕ್ಕಿಂತ ಒದ್ದೆಬಟ್ಟೆ ಸುತ್ತಿದ ತಾಪಮಾಪಕ ತೋರಿಸುವ ಅಂಕಿಯನ್ನು, ಅಂದರೆ ‘ವೆಟ್ ಬಲ್ಬ್’ ತಾಪಮಾನವನ್ನು ನೋಡುತ್ತಾರೆ. ಅದು ಸೊನ್ನೆಯ ಹತ್ತಿರವಿದ್ದರೆ ಮಳೆ ಹಿಮವಾಗಿ ಬದಲಾಗುವ ಸಾಧ್ಯತೆ ಇದೆ.

“ಸ್ಲೀಟ್‌ಗೂ ಫ್ರೀಜಿಂಗ್ ರೇನ್‌ಗೂ ಏನು ವ್ಯತ್ಯಾಸ?”

ನೆಲದಿಂದ ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಸೊನ್ನೆಗಿಂತ ಬೆಚ್ಚನೆಯ ಗಾಳಿಯ ಪದರವೊಂದು ನುಗ್ಗಿದ್ದರೆ ಬೀಳುವ ಹಿಮ ಅಲ್ಲಿ ಕರಗುತ್ತದೆ. ಕೆಳಗಿನ ಶೀತದ ಪದರ ದಪ್ಪವಾಗಿದ್ದರೆ ಹನಿ ಮತ್ತೆ ಗಟ್ಟಿಯಾಗಿ ಸಣ್ಣ ಮಂಜುಗಡ್ಡೆಯ ಕಾಳಾಗಿ ಬೀಳುತ್ತದೆ, ಅದು ಸ್ಲೀಟ್. ಪದರ ತೆಳುವಾಗಿದ್ದರೆ ಹನಿ ನೀರಾಗಿಯೇ ಬಂದು ತಂತಿ, ಕೊಂಬೆ, ಮೆಟ್ಟಿಲು, ರಸ್ತೆಗಳ ಮೇಲೆ ಬಿದ್ದ ಕೂಡಲೇ ಹೆಪ್ಪುಗಟ್ಟುತ್ತದೆ. ಅದು ಫ್ರೀಜಿಂಗ್ ರೇನ್. ನನ್ನ ಅಭಿಪ್ರಾಯದಲ್ಲಿ ಒಂದು ಅಡಿ ಹಿಮಕ್ಕಿಂತ ಕಾಲು ಇಂಚು ಫ್ರೀಜಿಂಗ್ ರೇನ್ ಹೆಚ್ಚು ಅಪಾಯಕಾರಿ. ಹಿಮ ಕಣ್ಣಿಗೆ ಕಾಣುತ್ತದೆ, ರಸ್ತೆಯ ಮೇಲಿನ ತೆಳು ಮಂಜುಗಡ್ಡೆ ಕಾಣುವುದಿಲ್ಲ. ವಯಸ್ಸಾದವರು ಅಂದು ಪತ್ರ ತರಲೆಂದು ಅಂಚೆಪೆಟ್ಟಿಗೆಯವರೆಗೂ ಹೋಗಬಾರದು.

“ಒಂದು ಇಂಚು ಮಳೆ ಅಂದರೆ ಹತ್ತು ಇಂಚು ಹಿಮ, ಸರಿಯೇ?”

ಅದು ಸ್ಥೂಲ ಲೆಕ್ಕ ಮಾತ್ರ. ಸೊನ್ನೆಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮ ಒಂದಕ್ಕೆ ಐದರಷ್ಟೇ ಇರಬಹುದು, ತೀವ್ರ ಚಳಿಯ ಹಗುರ ಹಿಮ ಒಂದಕ್ಕೆ ಇಪ್ಪತ್ತನ್ನೂ ಮೀರಬಹುದು. ಮೋಡದೊಳಗೆ ಸುಮಾರು ಮೈನಸ್ 12ರಿಂದ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುವ ಪದರದಲ್ಲಿ ಗಾಳಿ ಬಲವಾಗಿ ಮೇಲೇರುತ್ತಿದ್ದರೆ ಕವಲೊಡೆದ ನಕ್ಷತ್ರದಂಥ ಹರಳುಗಳು ಬೆಳೆದು, ಒಂದರ ಮೇಲೊಂದು ಸಡಿಲವಾಗಿ ಕೂತು, ಕಡಿಮೆ ನೀರಿನಲ್ಲೇ ಹೆಚ್ಚು ಎತ್ತರ ಕಟ್ಟುತ್ತವೆ. ನೀರಿನ ಪ್ರಮಾಣ ಸರಿಯಾಗಿ ಹೇಳಿಯೂ ಇಂಚುಗಳಲ್ಲಿ ಮುನ್ಸೂಚನೆ ತಪ್ಪುವುದು ಇದರಿಂದಲೇ. ಸಲಿಕೆ ಹಿಡಿಯುವವರಿಗೆ ಇಂಚಿಗಿಂತ ತೂಕ ಮುಖ್ಯ. ಒದ್ದೆ ಹಿಮವನ್ನು ಎತ್ತುವಾಗ ಹೃದಯದ ತೊಂದರೆ ಇರುವವರು ಬಹಳ ಎಚ್ಚರದಿಂದಿರಬೇಕು.

## ಮುನ್ಸೂಚನೆಯನ್ನು ನಂಬುವುದು ಹೇಗೆ

“ಎಷ್ಟು ದಿನ ಮುಂಚೆ ಹೇಳಿದ್ದನ್ನು ನಂಬಬಹುದು?”

ಏಳೆಂಟು ದಿನ ಮುಂಚೆ ಯಾರಾದರೂ ಇಂಚುಗಳನ್ನು ಹೇಳಿದರೆ ನಂಬಬೇಡಿ. ಐದು ದಿನಕ್ಕೆ ಬಿರುಗಾಳಿಯೊಂದು ಆಗಬಹುದೇ ಎಂಬುದು, ಮೂರು ದಿನಕ್ಕೆ ಅದು ಯಾವ ಭಾಗಕ್ಕೆ ತಗಲುತ್ತದೆ ಎಂಬುದು, ಒಂದು ದಿನಕ್ಕೆ ನಿಮ್ಮ ಊರಿಗೆ ಹೆಚ್ಚುಕಡಿಮೆ ಎಷ್ಟು ಎಂಬುದು ಸ್ಪಷ್ಟವಾಗತೊಡಗುತ್ತದೆ. ಇದು ನಾನು ಅನುಸರಿಸುವ ಕ್ರಮ, ಇದಕ್ಕೆ ಅಪವಾದಗಳೂ ಇವೆ.

ಅಪವಾದಗಳು ಎರಡೂ ದಿಕ್ಕಿನಲ್ಲಿವೆ. 1888ರ ಮಾರ್ಚ್‌ನ ಮಹಾಹಿಮಪಾತ ನ್ಯೂಯಾರ್ಕ್ ನಗರವನ್ನು ಯಾವ ಸಿದ್ಧತೆಯೂ ಇಲ್ಲದಿರುವಾಗ ಹಿಡಿಯಿತು. ಒಟ್ಟು 400ಕ್ಕೂ ಹೆಚ್ಚು ಜನ ಸತ್ತರು. 1979ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಮೇಲೆ ಒಂದೂವರೆ ಅಡಿ ಹಿಮ ಬಿದ್ದಾಗ ಹವೆ ಮುಂದೆ ಹೇಗಿರುತ್ತದೆ ಎಂದು ಗಣಿತದಿಂದ ಲೆಕ್ಕಹಾಕುವ ಆಗಿನ ಕಂಪ್ಯೂಟರ್ ಮಾದರಿಗಳು ಅದನ್ನು ಸರಿಯಾಗಿ ಹಿಡಿದಿರಲಿಲ್ಲ, ಆ ಸೋಲೇ ಮುಂದೆ ಹತ್ತಾರು ವರ್ಷಗಳ ಸಂಶೋಧನೆಗೆ ಕಾರಣವಾಯಿತು. 1993ರ ಮಾರ್ಚ್‌ನ ‘ಶತಮಾನದ ಬಿರುಗಾಳಿ’ಯನ್ನು ಮಾತ್ರ ಐದು ದಿನ ಮುಂಚೆಯೇ ಹೇಳಲಾಯಿತು, ಹಿಮ ಬೀಳುವ ಮೊದಲೇ ರಾಜ್ಯಗಳು ತುರ್ತುಸ್ಥಿತಿ ಘೋಷಿಸಿದವು. ಏಳು ವರ್ಷ ಕಳೆದು 2000ದ ಜನವರಿ 24-25ರಂದು ಬಂದ ಬಿರುಗಾಳಿ ಹಿಂದಿನ ದಿನದ ಮಾದರಿಗಳಿಗೂ ತಪ್ಪಿಸಿಕೊಂಡಿತು. ಉತ್ತರ ಕ್ಯಾರೊಲಿನಾದ ರಾಲಿಯಲ್ಲಿ 20 ಇಂಚು ಹಿಮ ಬಿತ್ತು. ದಕ್ಷಿಣದಲ್ಲಿ ಮೊದಲೇ ಸುರಿಯುತ್ತಿದ್ದ ಮಳೆ ಬಿಡುಗಡೆ ಮಾಡಿದ ಶಾಖವನ್ನು ಮಾದರಿಗಳು ಸರಿಯಾಗಿ ಗ್ರಹಿಸದಿದ್ದುದು ಅದಕ್ಕೆ ಮುಖ್ಯ ಕಾರಣವೆಂದು ನಂತರದ ಅಧ್ಯಯನಗಳು ತೋರಿಸಿದವು.

“ಯುರೋಪಿಯನ್ ಮಾಡೆಲ್ ಒಳ್ಳೆಯದೋ, ಅಮೆರಿಕನ್ ಮಾಡೆಲ್ ಒಳ್ಳೆಯದೋ?”

ಸರಾಸರಿ ನಿಖರತೆಯಲ್ಲಿ ಯುರೋಪಿಯನ್ ಕೇಂದ್ರದ, ಅಂದರೆ ಯುರೋಪಿನ ದೇಶಗಳು ಕೂಡಿ ನಡೆಸುವ ಹವಾಮಾನ ಮುನ್ಸೂಚನಾ ಕೇಂದ್ರದ, ಮಾದರಿ ಬಹುಕಾಲದಿಂದ ಮುಂದಿದೆ. ಹಾಗೆಂದು ಪ್ರತಿ ಬಿರುಗಾಳಿಯಲ್ಲೂ ಅದೇ ಗೆಲ್ಲುತ್ತದೆ ಎಂದಲ್ಲ. ಅಮೆರಿಕದ ಜಿಎಫ್‌ಎಸ್ ದಿನಕ್ಕೆ ನಾಲ್ಕು ಬಾರಿ ಓಡುತ್ತದೆ. ಎಚ್‌ಆರ್‌ಆರ್‌ಆರ್ ಎಂಬ 3 ಕಿಲೋಮೀಟರ್ ಜಾಲದ (ಅಂದರೆ ನಕ್ಷೆಯನ್ನು 3 ಕಿಲೋಮೀಟರ್ ಚೌಕಗಳಾಗಿ ವಿಂಗಡಿಸಿ ಲೆಕ್ಕಹಾಕುವ) ಅಮೆರಿಕದ ಇನ್ನೊಂದು ಮಾದರಿ ಪ್ರತಿ ಗಂಟೆಯೂ ಓಡುತ್ತದೆ, ಅದು ಕೊನೆಯ ಕೆಲವು ಗಂಟೆಗಳಿಗೆ ಬಹಳ ಉಪಯುಕ್ತ. ಒಂದು ಮಾದರಿಯ ಒಂದು ಓಟದ ಬಣ್ಣಬಣ್ಣದ ನಕ್ಷೆ ಫೋನಿನಿಂದ ಫೋನಿಗೆ ಹರಿದಾಡುತ್ತಿದ್ದರೆ ಅದನ್ನು ಮುನ್ಸೂಚನೆ ಎಂದು ಎಣಿಸಬಾರದು. ಹತ್ತಾರು ಸಾಧ್ಯತೆಗಳಲ್ಲಿ ಅದು ಒಂದು, ಅಷ್ಟೇ.

“ಒಂದೇ ಗಣಿತ, ಒಂದೇ ಹವೆ. ಹಾಗಿದ್ದರೆ ಆರು ಗಂಟೆಗೊಮ್ಮೆ ಉತ್ತರ ಯಾಕೆ ಬದಲಾಗುತ್ತದೆ?”

ಲೆಕ್ಕ ಆರಂಭವಾಗುವ ಸ್ಥಿತಿ ಪ್ರತಿ ಬಾರಿಯೂ ತುಸು ಬೇರೆ. ಆರಂಭದ ಸಣ್ಣ ವ್ಯತ್ಯಾಸ ದಿನಕಳೆದಂತೆ ಬೆಳೆದು ಫಲಿತಾಂಶವನ್ನೇ ಬದಲಿಸಬಲ್ಲದು ಎಂಬುದನ್ನು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1963ರಲ್ಲಿ ಪ್ರಕಟಿಸಿದರು. ಅವರು ಕೆಲಸ ಮಾಡುತ್ತಿದ್ದುದು ಬಾಸ್ಟನ್‌ನ ಪಕ್ಕದ ಎಂಐಟಿಯಲ್ಲಿ, ಇದೇ ಬಿರುಗಾಳಿಗಳ ದಾರಿಯಲ್ಲಿ. ಅದಕ್ಕಾಗಿಯೇ ಈಗ ಮಾದರಿಯನ್ನು ಒಂದೇ ಬಾರಿ ಓಡಿಸದೆ, ಆರಂಭದ ಸ್ಥಿತಿಯನ್ನು ತುಸುತುಸು ಬದಲಿಸಿ ಹಲವು ಬಾರಿ ಓಡಿಸುತ್ತಾರೆ: ಅಮೆರಿಕದ ಗುಂಪಿನಲ್ಲಿ 31 ಓಟಗಳು, ಯುರೋಪಿನ ಗುಂಪಿನಲ್ಲಿ 51. ಎಲ್ಲವೂ ಒಂದೇ ಮಾತು ಹೇಳಿದರೆ ಭರವಸೆ ಹೆಚ್ಚು. ಅರ್ಧದಷ್ಟು ಭಾರಿ ಹಿಮವನ್ನೂ ಉಳಿದರ್ಧ ಏನೂ ಇಲ್ಲವೆಂದೂ ತೋರಿಸಿದರೆ, ‘ಸರಾಸರಿ 6 ಇಂಚು’ ಎಂಬ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಆ 6 ಇಂಚು ಯಾವ ಓಟದಲ್ಲೂ ಇಲ್ಲದಿರಬಹುದು.

“2015ರಲ್ಲಿ ನ್ಯೂಯಾರ್ಕ್ ಪೂರ್ತಿ ಮುಚ್ಚಿದರು, ಬಂದದ್ದು ಹತ್ತು ಇಂಚೂ ಇಲ್ಲ. ಅಂದ ಮೇಲೆ ಇವರನ್ನು ಹೇಗೆ ನಂಬೋದು?”

ಈ ಪ್ರಶ್ನೆ ನನಗೆ ಅತಿ ಹೆಚ್ಚು ಬಾರಿ ಬಂದಿದೆ, ಅದಕ್ಕೆ ಕಾರಣವೂ ಇದೆ. 2015ರ ಜನವರಿ 26-27ಕ್ಕೆ ನ್ಯೂಯಾರ್ಕ್ ನಗರಕ್ಕೆ 20ರಿಂದ 30 ಇಂಚು ಹಿಮವೆಂದು ಮುನ್ಸೂಚನೆ ಇತ್ತು. ಸುರಂಗ ರೈಲನ್ನೂ ನಿಲ್ಲಿಸಿದರು, ರಸ್ತೆಗಳನ್ನು ಮುಚ್ಚಿದರು. ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು 9.8 ಇಂಚು, ಫಿಲಡೆಲ್ಫಿಯಾ ಕಡೆ ಇನ್ನೂ ಕಡಿಮೆ. ಹವಾಮಾನ ಸೇವೆಗೆ ಸೇರಿದ ನ್ಯೂಜೆರ್ಸಿಯ ಮೌಂಟ್ ಹಾಲಿ ಕಚೇರಿಯ ಮುಖ್ಯಸ್ಥರಾಗಿದ್ದ ಗ್ಯಾರಿ ಸಾಟ್‌ಕೌಸ್ಕಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಅವರ ಆ ನಡೆ ನನಗೆ ಇಂದಿಗೂ ಗೌರವದ್ದಾಗಿ ಕಾಣುತ್ತದೆ.

ಆದರೆ ಅದೇ ಬಿರುಗಾಳಿ ಬಾಸ್ಟನ್‌ಗೆ 24 ಇಂಚನ್ನೂ ವೂಸ್ಟರ್‌ಗೆ 34 ಇಂಚನ್ನೂ ಸುರಿಸಿತು. ಬಿರುಗಾಳಿ ಹುಸಿಯಾಗಿರಲಿಲ್ಲ, ಭಾರಿ ಹಿಮದ ಪಟ್ಟಿಯ ಪಶ್ಚಿಮದ ಅಂಚು ನಿರೀಕ್ಷೆಗಿಂತ ಹತ್ತಾರು ಮೈಲಿ ಪೂರ್ವಕ್ಕೆ ನಿಂತಿತು, ನಗರ ಆ ಅಂಚಿನ ಹೊರಗೆ ಉಳಿಯಿತು. ಆ ಸಲ ಜಿಎಫ್‌ಎಸ್ ನಗರಕ್ಕೆ ಕಡಿಮೆ ಹಿಮ ತೋರಿಸಿತ್ತು, ಸಾಮಾನ್ಯವಾಗಿ ಹೆಚ್ಚು ವಿಶ್ವಾಸ ಗಳಿಸಿದ್ದ ಯುರೋಪಿಯನ್ ಮಾದರಿ ಬಿರುಗಾಳಿಯನ್ನು ಹೆಚ್ಚು ಪಶ್ಚಿಮಕ್ಕೆ ಇಟ್ಟಿತ್ತು. ಮಾದರಿಗಳಲ್ಲಿ ಭಿನ್ನಾಭಿಪ್ರಾಯ ಇದ್ದದ್ದು ಮುನ್ಸೂಚಕರಿಗೆ ಗೊತ್ತಿತ್ತು. ಅಂಚಿನಲ್ಲಿರುವ ಊರಿಗೆ ಎಷ್ಟು ಅನಿಶ್ಚಿತತೆ ಇದೆ ಎಂಬುದು ಜನರಿಗೆ ತಲುಪಲಿಲ್ಲ. ನಿಜವಾದ ಲೋಪ ಅದು. ಮುಂದಿನ ವರ್ಷ, 2016ರ ಜನವರಿಯ ಬಿರುಗಾಳಿಯನ್ನು ದಿನಗಳ ಮುಂಚೆಯೇ ಚೆನ್ನಾಗಿ ಹೇಳಿದರು. ಆದರೆ ಸರಿಯಾದ ಮುನ್ಸೂಚನೆಯನ್ನು ಯಾರೂ ಅಷ್ಟು ನೆನಪಿಡುವುದಿಲ್ಲ.

“ಕನಿಷ್ಠ 2 ಇಂಚು, ಗರಿಷ್ಠ 14 ಇಂಚು ಅಂತ ಕೊಟ್ಟಿದ್ದಾರೆ. ಇದರಿಂದ ನನಗೇನು ಪ್ರಯೋಜನ?”

ಬಹಳ ಪ್ರಯೋಜನವಿದೆ, ಮತ್ತು ನಾನು ಎಲ್ಲರಿಗೂ ಮೊದಲು ನೋಡಲು ಹೇಳುವುದು ಅದನ್ನೇ. ಹವಾಮಾನ ಸೇವೆಯ ಕಚೇರಿಗಳು ನಿರೀಕ್ಷಿತ ಪ್ರಮಾಣದ ಜೊತೆಗೆ ಎರಡು ಅಂಕಿ ಕೊಡುತ್ತವೆ: ಹತ್ತರಲ್ಲಿ ಒಂಬತ್ತು ಪಾಲು ಸಂಭವನೀಯತೆಯಿಂದ ಇದಕ್ಕಿಂತ ಹೆಚ್ಚೇ ಬೀಳುತ್ತದೆ ಎಂಬ ಕೆಳ ಅಂಕಿ, ಹತ್ತರಲ್ಲಿ ಒಂದು ಪಾಲು ಮಾತ್ರ ಇದನ್ನು ಮೀರಬಹುದು ಎಂಬ ಮೇಲಿನ ಅಂಕಿ. ನಿರೀಕ್ಷೆ 7 ಇಂಚು, ವ್ಯಾಪ್ತಿ 6ರಿಂದ 9 ಎಂದಿದ್ದರೆ ಧೈರ್ಯವಾಗಿ ಯೋಜನೆ ಮಾಡಬಹುದು. ನಿರೀಕ್ಷೆ ಅದೇ 7 ಆಗಿದ್ದು ವ್ಯಾಪ್ತಿ 2ರಿಂದ 14 ಎಂದಿದ್ದರೆ ನೀವು ಮಳೆ-ಹಿಮದ ಗಡಿಯಲ್ಲೋ, ಹಿಮದ ಪಟ್ಟಿಯ ಅಂಚಿನಲ್ಲೋ ಇದ್ದೀರಿ ಎಂದು ತಿಳಿಯಬೇಕು. ಆಗ ನಷ್ಟ ಸಣ್ಣದಾದ ಕೆಲಸಕ್ಕೆ ನಡುವಿನ ಅಂಕಿಯನ್ನೂ, ಡಯಾಲಿಸಿಸ್‌ಗೆ ಹೋಗಬೇಕಾದ ಹಿರಿಯರಿರುವ ಮನೆಯವರು ಅಥವಾ ಮುನ್ನೂರು ಜನರ ಕಾರ್ಯಕ್ರಮ ಇಟ್ಟುಕೊಂಡವರು ಮೇಲಿನ ಅಂಕಿಯನ್ನೂ ಹಿಡಿದು ತೀರ್ಮಾನಿಸುವುದು ಒಳ್ಳೆಯದು.

ಜೊತೆಗೆ, ಕಚೇರಿಯ ಮುನ್ಸೂಚಕರು ಬರೆಯುವ ‘ಫೋರ್‌ಕಾಸ್ಟ್ ಡಿಸ್ಕಷನ್’ ಓದಿ. ತಮಗೆ ಯಾವುದರಲ್ಲಿ ಭರವಸೆ ಇದೆ, ಎಲ್ಲಿ ಅನುಮಾನವಿದೆ ಎಂಬುದನ್ನು ಅವರು ಅಲ್ಲಿ ಬಿಚ್ಚಿ ಬರೆಯುತ್ತಾರೆ. ಎಡಿಸನ್ ಇರುವ ಮಿಡಲ್‌ಸೆಕ್ಸ್ ಕೌಂಟಿ ಮೌಂಟ್ ಹಾಲಿ ಕಚೇರಿಗೆ ಸೇರಿದೆ. ಜರ್ಸಿ ಸಿಟಿ ಮತ್ತು ನ್ಯೂವಾರ್ಕ್ ಲಾಂಗ್ ಐಲ್ಯಾಂಡ್‌ನ ಅಪ್ಟನ್ ಕಚೇರಿಗೆ ಸೇರಿವೆ. ನಿಮ್ಮದು ಯಾವುದೆಂದು ನೋಡಿಕೊಳ್ಳಿ.

## ಇನ್ನಷ್ಟು ಆಳಕ್ಕೆ

“ಮಿಲ್ಲರ್ ಎ, ಮಿಲ್ಲರ್ ಬಿ ಅಂತ ಮಾತಾಡಿಕೊಳ್ಳುತ್ತಾರಲ್ಲ, ಅದೇನು?”

1946ರಲ್ಲಿ ಜೆ. ಇ. ಮಿಲ್ಲರ್ ಮಾಡಿದ ವಿಂಗಡಣೆ ಅದು. ಮೊದಲ ಬಗೆಯಲ್ಲಿ ಒಂದೇ ಕುಸಿತ ಮೆಕ್ಸಿಕೊ ಕೊಲ್ಲಿಯಲ್ಲೋ ಆಗ್ನೇಯ ಕಡಲಂಚಿನಲ್ಲೋ ಹುಟ್ಟಿ ಕರಾವಳಿಯುದ್ದಕ್ಕೂ ಮೇಲೇರುತ್ತದೆ; 1993ರದು ಅಂಥದ್ದು. ಎರಡನೆಯ ಬಗೆಯಲ್ಲಿ ಒಂದು ಕುಸಿತ ಪಶ್ಚಿಮದ ಒಹಾಯೊ ಕಣಿವೆಯ ಕಡೆಯಿಂದ ಬಂದು ಅಪಲೇಷಿಯನ್ ಬೆಟ್ಟಗಳ ಬಳಿ ಕ್ಷೀಣಿಸುತ್ತದೆ, ಅದರ ಶಕ್ತಿ ಕಡಲಂಚಿನಲ್ಲಿ ಹೊಸ ಕುಸಿತವೊಂದಕ್ಕೆ ವರ್ಗವಾಗುತ್ತದೆ. ಈ ವರ್ಗಾವಣೆ ಎಲ್ಲಿ, ಯಾವ ಗಂಟೆಗೆ ಆಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ: ಬೇಗ ಆದರೆ ಫಿಲಡೆಲ್ಫಿಯಾಕ್ಕೂ ಹಿಮ, ಮೂರ್ನಾಲ್ಕು ಗಂಟೆ ತಡವಾದರೆ ಬಾಸ್ಟನ್‌ಗೆ ಮಾತ್ರ. ಎರಡನೆಯ ಬಗೆ ಎಂದು ಕೇಳಿದ ದಿನ ನ್ಯೂಜೆರ್ಸಿಯವರು ಅಂಕಿಗಳನ್ನು ಸಡಿಲವಾಗಿ ಹಿಡಿಯಬೇಕು.

“ಬಾಂಬ್ ಸೈಕ್ಲೋನ್ ಅನ್ನುವುದು ಮಾಧ್ಯಮದವರು ಹುಟ್ಟಿಸಿದ ಮಾತೇ?”

ಇಲ್ಲ, ಅದು ಹವಾಮಾನ ವಿಜ್ಞಾನದ ಪದ. ಫ್ರೆಡ್ ಸ್ಯಾಂಡರ್ಸ್ ಮತ್ತು ಜಾನ್ ಗ್ಯಾಕಮ್ 1980ರ ಪ್ರಬಂಧದಲ್ಲಿ ಅದನ್ನು ವಿವರಿಸಿದರು: 60 ಡಿಗ್ರಿ ಅಕ್ಷಾಂಶದಲ್ಲಿ 24 ಗಂಟೆಯಲ್ಲಿ ಕೇಂದ್ರದ ವಾಯುಭಾರ 24 ಮಿಲಿಬಾರ್ ಅಥವಾ ಹೆಚ್ಚು ಕುಸಿದರೆ ಅದು ‘ಬಾಂಬ್’; ದಕ್ಷಿಣಕ್ಕೆ ಬಂದಂತೆ ಮಿತಿ ಕಡಿಮೆಯಾಗುತ್ತದೆ. 2018ರ ಜನವರಿ 4ರ ಬಿರುಗಾಳಿಯಲ್ಲಿ ಒಂದು ದಿನದಲ್ಲಿ ಸುಮಾರು 59 ಮಿಲಿಬಾರ್ ಕುಸಿತವಾಯಿತು.

“ಪಕ್ಕದ ಊರಿಗೆ 14 ಇಂಚು, ನಮಗೆ 6. ಇಷ್ಟು ವ್ಯತ್ಯಾಸವನ್ನು ಮುಂಚೆಯೇ ಹೇಳಬಾರದಿತ್ತೇ?”

ಬಿರುಗಾಳಿಯೊಳಗೆ ಹಿಮ ಸಮನಾಗಿ ಬೀಳುವುದಿಲ್ಲ. ಕೇಂದ್ರದ ವಾಯವ್ಯ ಭಾಗದಲ್ಲಿ ಹತ್ತಾರು ಮೈಲಿ ಅಗಲದ ಪಟ್ಟಿಗಳು ಹುಟ್ಟುತ್ತವೆ. ಅವುಗಳ ಅಡಿಯಲ್ಲಿ ಗಂಟೆಗೆ 2ರಿಂದ 4 ಇಂಚು ಸುರಿಯಬಹುದು, ಕೆಲವೊಮ್ಮೆ ಗುಡುಗೂ ಕೇಳುತ್ತದೆ; ಅವುಗಳ ಅಂಚಿನಲ್ಲಿ ಕೆಳಮುಖವಾಗಿ ಇಳಿಯುವ ಗಾಳಿ ಹಿಮವನ್ನು ಕುಂದಿಸುತ್ತದೆ. ಪಟ್ಟಿ ಆಗುತ್ತದೆ ಎಂದು ಒಂದು ದಿನ ಮುಂಚೆ ಹೇಳಬಹುದು, ಯಾವ ಊರಿನ ಮೇಲೆ ನಿಲ್ಲುತ್ತದೆ ಎಂಬುದು ರೇಡಾರ್‌ನಲ್ಲಿ ಕಂಡ ಮೇಲೆಯೇ ಬಹುಮಟ್ಟಿಗೆ ತಿಳಿಯುವುದು. ಈ ಪಟ್ಟಿಗಳನ್ನು ಅರಿಯಲೆಂದೇ ನಾಸಾ 2020ರಿಂದ 2023ರ ನಡುವಿನ ಮೂರು ಚಳಿಗಾಲಗಳಲ್ಲಿ ‘ಇಂಪ್ಯಾಕ್ಟ್ಸ್’ ಯೋಜನೆಯಡಿ ಒಂದು ವಿಮಾನವನ್ನು ಮೋಡಗಳ ಮೇಲೂ ಇನ್ನೊಂದನ್ನು ಮೋಡಗಳೊಳಗೂ ಹಾರಿಸಿತು.

“ಕಡಲ ಮೇಲೆ ಹುಟ್ಟುವ ಬಿರುಗಾಳಿಯನ್ನು ಅಳೆಯುವವರು ಯಾರು?”

ಉಪಗ್ರಹಗಳು, ಲಂಗರು ಹಾಕಿ ತೇಲಿಬಿಟ್ಟ ಮಾಪನಯಂತ್ರಗಳು, ಹಡಗುಗಳು, ಪ್ರಯಾಣಿಕ ವಿಮಾನಗಳು, ಮತ್ತು ದಿನಕ್ಕೆರಡು ಬಾರಿ ದಡದಿಂದ ಹಾರಿಸುವ ಬಲೂನುಗಳು. ಮುಖ್ಯವಾದ ಬಿರುಗಾಳಿ ಎದುರಿದ್ದಾಗ ಹರಿಕೇನ್‌ಗಳೊಳಗೆ ಹೋಗುವ ವಾಯುಪಡೆಯ ವಿಮಾನಗಳೇ ಚಳಿಗಾಲದಲ್ಲೂ ಹಾರಿ, ಪ್ಯಾರಾಚೂಟ್ ಕಟ್ಟಿದ ಮಾಪಕಗಳನ್ನು ಇಳಿಬಿಡುತ್ತವೆ. ಮಸಾಚುಸೆಟ್ಸ್‌ನ ಚ್ಯಾಟಮ್‌ನಲ್ಲಿ ಕಡಲಂಚಿನ ದಿಬ್ಬದ ಮೇಲೆ ಹಲವು ದಶಕ ಬಲೂನು ಹಾರಿಸುತ್ತಿದ್ದ ಕೇಂದ್ರವನ್ನು 2021ರಲ್ಲಿ ಮುಚ್ಚಬೇಕಾಯಿತು. ಅದು ಅಳೆಯುತ್ತಿದ್ದ ಬಿರುಗಾಳಿಗಳ ಅಲೆಗಳೇ ಅದರ ಕಾಲಡಿಯ ನೆಲವನ್ನು ಕೊರೆದುಹಾಕಿದ್ದವು.

“ಹಿಮ ಅಳೆಯುವುದು ಅಷ್ಟು ಕಷ್ಟವೇ? ಸ್ಕೇಲ್ ಇಟ್ಟರೆ ಸಾಲದೇ?”

ಹಿಮ ಬೀಳುತ್ತಲೇ ಕುಸಿಯುತ್ತದೆ, ಗಾಳಿಗೆ ಹಾರಿ ಗುಡ್ಡೆಯಾಗುತ್ತದೆ. ಆದ್ದರಿಂದ ಬಯಲಿನಲ್ಲಿ ಬಿಳಿ ಹಲಗೆ ಇಟ್ಟು ಅಳೆಯಬೇಕು. ಆರು ಗಂಟೆಗಿಂತ ಬೇಗಬೇಗ ಹಲಗೆ ಒರೆಸಿ ಕೂಡಿಸುತ್ತ ಹೋದರೆ ಮೊತ್ತ ಸುಳ್ಳಾಗಿ ಹೆಚ್ಚುತ್ತದೆ. 2016ರ ಜನವರಿಯಲ್ಲಿ ಸೆಂಟ್ರಲ್ ಪಾರ್ಕ್‌ಗೆ ಮೊದಲು 26.8 ಇಂಚು ಎಂದು ದಾಖಲಾಗಿ, ಪರಿಶೀಲನೆಯ ನಂತರ 27.5 ಎಂದು ತಿದ್ದಲಾಯಿತು; ಆ ತಿದ್ದುಪಡಿಯಿಂದ 2006ರ 26.9 ಇಂಚಿನ ದಾಖಲೆ ಮುರಿಯಿತು.

“ಈ ಚಳಿಗಾಲ ಒಟ್ಟು ಎಷ್ಟು ಹಿಮ ಬೀಳುತ್ತದೆ ಅಂತ ಅಕ್ಟೋಬರ್‌ನಲ್ಲೇ ಹೇಳಬಹುದೇ?”

ಒಲವನ್ನು ಹೇಳಬಹುದು, ಇಂಚುಗಳನ್ನಲ್ಲ. ಎಲ್ ನಿನೊ ವರ್ಷಗಳಲ್ಲಿ, ಅಂದರೆ ಸಮಭಾಜಕದ ಬಳಿಯ ಪೆಸಿಫಿಕ್ ಸಾಗರ ಎಂದಿಗಿಂತ ಬೆಚ್ಚಗಾದ ವರ್ಷಗಳಲ್ಲಿ, ದಕ್ಷಿಣದ ಜೆಟ್ ಸ್ಟ್ರೀಮ್ ಬಲವಾಗಿ ತೇವ ಹೆಚ್ಚುತ್ತದೆ. ಅದರ ಜೊತೆಗೆ ಗ್ರೀನ್‌ಲ್ಯಾಂಡ್ ಮೇಲೆ ಅಧಿಕ ಒತ್ತಡ ಕೂತು ಶೀತಗಾಳಿಯನ್ನು ಇತ್ತ ತಡೆದು ನಿಲ್ಲಿಸಬೇಕು. ಆ ಸ್ಥಿತಿ ಒಂದೆರಡು ವಾರಕ್ಕಿಂತ ಮುಂಚೆ ಸರಿಯಾಗಿ ತಿಳಿಯುವುದಿಲ್ಲ. ಎರಡೂ ಕೂಡಿಬಂದ 2009-10ರಲ್ಲಿ ಫಿಲಡೆಲ್ಫಿಯಾಕ್ಕೆ 78.7 ಇಂಚು ಬಿತ್ತು. 2022-23ರ ಇಡೀ ಚಳಿಗಾಲದಲ್ಲಿ ಅದೇ ನಗರಕ್ಕೆ 0.3 ಇಂಚು.

“ಎಐ ಬಂದ ಮೇಲೆ ಈ ಅನಿಶ್ಚಿತತೆ ಹೋಗುತ್ತದೆಯೇ?”

ದಶಕಗಳ ಹವಾಮಾನ ದಾಖಲೆಯಿಂದ ಕಲಿತ ಮಾದರಿಗಳು ಈಗ ನಿಮಿಷಗಳಲ್ಲಿ ಉತ್ತರ ಕೊಡುತ್ತವೆ. ಯುರೋಪಿಯನ್ ಕೇಂದ್ರ 2025ರ ಫೆಬ್ರವರಿಯಲ್ಲಿ ತನ್ನ ಎಐ ಮಾದರಿಯನ್ನು ದೈನಂದಿನ ಬಳಕೆಗೆ ತಂದಿತು. ಬಿರುಗಾಳಿಯ ದಾರಿಯನ್ನು ಹೇಳುವುದರಲ್ಲಿ ಅವು ನಿಜಕ್ಕೂ ಸಮರ್ಥವಾಗಿವೆ. ಆದರೆ ಅವಕ್ಕೂ ಆರಂಭದ ಸ್ಥಿತಿ ಬೇಕು, ಅದು ಬರುವುದು ಮೇಲೆ ಹೇಳಿದ ಬಲೂನು, ವಿಮಾನ, ಉಪಗ್ರಹಗಳಿಂದಲೇ. ಹತ್ತು ಮೈಲಿ ಅಗಲದ ಹಿಮಪಟ್ಟಿಯನ್ನು, ನೂರು ಮೀಟರ್ ದಪ್ಪದ ಶೀತಪದರವನ್ನು ಜಗತ್ತಿನಗಲದ ಒರಟು ಜಾಲದಲ್ಲಿ ಹಿಡಿಯುವುದು ಅವಕ್ಕೂ ಕಷ್ಟ.

“ಹಿಮದ ಬಗ್ಗೆಯೇ ಇಷ್ಟು ಮಾತು. ಕಡಲ ನೀರು ನುಗ್ಗುವುದರ ಮುನ್ಸೂಚನೆ ಹೇಗೆ?”

ಕರಾವಳಿಗೆ ತೀರ ಹತ್ತಿರ ಮನೆ ಇರುವವರು ಹಿಮಕ್ಕಿಂತ ಮೊದಲು ಇದನ್ನೇ ನೋಡಬೇಕು. ಹರಿಕೇನ್ ಕೆಲವು ಗಂಟೆಗಳಲ್ಲಿ ದಾಟಿಹೋಗುತ್ತದೆ. ನಿಧಾನವಾಗಿ ಸಾಗುವ ನಾರ್‌ಈಸ್ಟರ್ ದಿನಗಟ್ಟಲೆ ನೀರನ್ನು ದಡಕ್ಕೆ ಒತ್ತುತ್ತಲೇ ಇರುವುದರಿಂದ ಒಂದಾದ ಮೇಲೊಂದು ಉಬ್ಬರ ಅದರ ಮೇಲೆ ಸೇರುತ್ತದೆ. 1962ರ ಮಾರ್ಚ್‌ನ ‘ಆಶ್ ವೆನ್ಸ್‌ಡೇ’ ಬಿರುಗಾಳಿ ಸತತ ಐದು ಉಬ್ಬರಗಳವರೆಗೆ ನಿಂತು ನ್ಯೂಜೆರ್ಸಿ ಮತ್ತು ಡೆಲವೇರ್ ಕಡಲತೀರಗಳನ್ನು ನಾಶಮಾಡಿತು. ಅಮಾವಾಸ್ಯೆಯ ದೊಡ್ಡ ಉಬ್ಬರದ ಕಾಲವೂ ಅದಾಗಿತ್ತು. 2018ರ ಜನವರಿ 4ರಂದು ಬಾಸ್ಟನ್ ಬಂದರಿನ ನೀರು 15.16 ಅಡಿಗೆ ಏರಿ 1978ರ ದಾಖಲೆಯನ್ನು ಮೀರಿತು.

ಇಲ್ಲಿ ಮುನ್ಸೂಚಕರಿಗೆ ಒಂದು ಅನುಕೂಲವಿದೆ: ಉಬ್ಬರವಿಳಿತದ ವೇಳೆ ಮತ್ತು ಎತ್ತರ ವರ್ಷಗಳ ಮುಂಚೆಯೇ ಗೊತ್ತಿರುತ್ತದೆ, ಅದರ ಮೇಲೆ ಗಾಳಿ ಎಷ್ಟು ನೀರನ್ನು ಏರಿಸುತ್ತದೆ ಎಂಬುದನ್ನು ಮಾತ್ರ ಲೆಕ್ಕ ಹಾಕಬೇಕು. ಆ ಏರಿಕೆಯ ಉಚ್ಚ ಕ್ಷಣ ಉಬ್ಬರಕ್ಕೆ ಸೇರುತ್ತದೆಯೋ ಇಳಿತಕ್ಕೆ ಸೇರುತ್ತದೆಯೋ ಎಂಬ ಸುಮಾರು ಆರು ಗಂಟೆಯ ವ್ಯತ್ಯಾಸದಲ್ಲಿ ಬೀದಿ ಮುಳುಗುವುದೂ ಉಳಿಯುವುದೂ ತೀರ್ಮಾನವಾಗುತ್ತದೆ. ನ್ಯೂಯಾರ್ಕ್‌ನ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯ ‘ಬ್ಯಾಟರಿ’ ಎಂಬ ಜಾಗದಲ್ಲಿರುವ ಮಾಪಕದ ಪ್ರಕಾರ 1900ರಿಂದೀಚೆಗೆ ಕಡಲಮಟ್ಟ ಸುಮಾರು ಒಂದು ಅಡಿ ಏರಿದೆ. ಹೀಗಾಗಿ ನೂರು ವರ್ಷದ ಹಿಂದೆ ಅಂಗಳದ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದಂಥ ಬಿರುಗಾಳಿಯ ನೀರು ಇಂದು ಹೊಸ್ತಿಲು ದಾಟುತ್ತದೆ.